ಮೊದಲು ನೀರು, ಆಮೇಲೆ ಜೀಪು

(ಹೋಟೆಲಿನ ಅವನ್ ತೊಳೆಯುವ ಕ್ಷಾರದ ವಿಷಯವಾಗಿ ಎಸ್ಟೇಟ್ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳು)



ಎಲೆ ಕೊಯ್ಯುವವರಿಗೂ ಕಾಫಿ ಹಣ್ಣು ಬಿಡಿಸುವವರಿಗೂ ಹೋಟೆಲಿನ ಅವನ್ ತೊಳೆಯುವ ಮದ್ದಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಈ ಲೈನಿನಲ್ಲೇ ಮನೆ ಮನೆ ಎಣಿಸಿ ನೋಡಿರಿ. ತೋಟದ ಕೂಲಿಯಲ್ಲಿ ಸಂಸಾರ ಸಾಗದೆಂದು ಒಬ್ಬ ಮಗನೋ ಮಗಳೋ ಊಟಿ, ಕೂನೂರಿನ ಹೋಟೆಲುಗಳಿಗೆ, ವಯನಾಡಿನ ರಿಸಾರ್ಟುಗಳಿಗೆ, ಮೈಸೂರು ಬೆಂಗಳೂರಿನ ಬೇಕರಿಗಳಿಗೆ ಹೋಗದ ಮನೆ ಎಷ್ಟಿವೆ? ಹೋದವರಿಗೆ ಮೊದಲು ಸಿಗುವುದು ಅಡಿಗೆಯ ಕೆಲಸವಲ್ಲ. ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಅಡಿಗೆಯವರೆಲ್ಲ ಕೋಟು ಬಿಚ್ಚಿಟ್ಟು ಹೋದ ಮೇಲೆ ರಾತ್ರಿ ಹನ್ನೊಂದು ಗಂಟೆಗೆ ಅವನ್ನು, ಗ್ರಿಲ್ಲು, ಹೊಗೆಗೂಡಿನ ಜಾಲರಿ ಇವನ್ನೆಲ್ಲ ತಿಕ್ಕುವುದು. ಏಪ್ರಿಲ್ ಮೇ ಸೀಸನ್ನಿನಲ್ಲಿ ಆಳು ಸಾಲದೆ ಹೊಸಬನ ಕೈಗೆ ಐದು ಲೀಟರಿನ ಡಬ್ಬಿಯೊಂದನ್ನು ಕೊಟ್ಟು, "ಹೊಡಿ, ಹತ್ತು ನಿಮಿಷ ಬಿಡು, ಒರೆಸು" ಎಂದರೆ ತರಬೇತಿ ಮುಗಿಯಿತು.

ಆ ಡಬ್ಬಿಯೊಳಗೆ ಏನಿದೆ, ಅದು ಮೈಮೇಲೆ ಬಿದ್ದರೆ ಏನು ಮಾಡುತ್ತದೆ, ಬಿದ್ದ ಕೂಡಲೆ ನಾವು ಏನು ಮಾಡಬೇಕು ಎಂಬುದು ಈ ಹೊತ್ತಿನ ಮಾತು. ಹೋಟೆಲಿಗೆ ಹೋಗುವವರು ಮಾತ್ರ ಕೇಳಿದರೆ ಸಾಲದು. ಆ ಡಬ್ಬಿಯ ಮದ್ದು ಬೇರೆ ಬಾಟಲಿಯಲ್ಲಿ ಲೈನಿಗೂ ಬರುತ್ತದೆ. ಅದರ ಮಾತನ್ನು ಕೊನೆಗೆ ಆಡುತ್ತೇವೆ.

ಕಂಪೆನಿಯ ಹೆಸರು ಯಾವುದೇ ಇರಲಿ, ಡಬ್ಬಿಯ ಬಣ್ಣ ಯಾವುದೇ ಇರಲಿ, ಸುಟ್ಟು ಕರಿಯಾದ ಜಿಡ್ಡನ್ನು ಬಿಡಿಸುವ ಗಟ್ಟಿ ಅವನ್ ಕ್ಲೀನರುಗಳಲ್ಲಿ ಬಹುಮಟ್ಟಿಗೆ ಇರುವುದು ಕಾಸ್ಟಿಕ್ ಸೋಡ. ಪುಸ್ತಕದವರು ಅದನ್ನು ಸೋಡಿಯಂ ಹೈಡ್ರಾಕ್ಸೈಡ್ ಎನ್ನುತ್ತಾರೆ. ಕೆಲವದರಲ್ಲಿ ಅದರ ತಮ್ಮನಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಎರಡೂ ಕ್ಷಾರಗಳೇ, ಅಂದರೆ ಆಮ್ಲಕ್ಕೆ ಎದುರಾದವು. ಇವುಗಳ ತೀಕ್ಷ್ಣತೆಯನ್ನು ಅಳೆಯುವ ಪಿ.ಎಚ್. ಎಂಬ ಅಳತೆಗೋಲಿನಲ್ಲಿ ಶುದ್ಧ ನೀರಿಗೆ 7, ಇಂಥ ಅವನ್ ಮದ್ದಿಗೆ 13ರಿಂದ 14. ಒಂದೊಂದು ಅಂಕೆ ಮೇಲೇರಿದರೆ ಹತ್ತು ಪಟ್ಟು ಹೆಚ್ಚೆಂದು ಲೆಕ್ಕ.

ಕ್ಷಾರ ನಮಗೆ ಹೊಸದಲ್ಲ. ನಮ್ಮ ಅಜ್ಜಿಯಂದಿರು ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು ಬಟ್ಟೆ ಒಗೆಯುತ್ತಿದ್ದರು. ಆ ನೀರಿನಲ್ಲಿ ಕೈ ಅದ್ದಿದರೆ ಬೆರಳು ಬೆರಳಿಗೆ ಜಾರುತ್ತಿತ್ತು. ಚೌಳು ಮಣ್ಣಿನಲ್ಲಿಯೂ ಅದೇ ಗುಣ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಕ್ಷಾರವೇ. ಸುಣ್ಣ ಹೆಚ್ಚಾದರೆ ಬಾಯಿ ಬೇಯುತ್ತದಲ್ಲವೇ? ಕಾಫಿ ತೋಟದವರು ಮುಂಗಾರಿಗೆ ಮುಂಚೆ ಬೋರ್ಡೋ ಕಲಸುವಾಗ ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಹಾಕುತ್ತಾರೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದಾಗ ಅದು ಬೆಂಕಿಯಿಲ್ಲದೆ ಕೊತಕೊತ ಕುದಿಯುವುದನ್ನು ನೀವೆಲ್ಲರೂ ನೋಡಿದ್ದೀರಿ. ಆ ಸುಣ್ಣಕ್ಕಿಂತ ಎಷ್ಟೋ ಹೆಚ್ಚು ಹರಿತವಾದದ್ದು ಕಾಸ್ಟಿಕ್ ಸೋಡ ಎಂದು ತಿಳಿದರೆ ಅರ್ಧ ಪಾಠ ಆಯಿತು.

ಇನ್ನು, ಅದು ಜಿಡ್ಡನ್ನು ಹೇಗೆ ಬಿಡಿಸುತ್ತದೆ? ಕೊಬ್ಬಿಗೂ ಎಣ್ಣೆಗೂ ಕ್ಷಾರ ಸೇರಿದರೆ ಸಾಬೂನಾಗುತ್ತದೆ. ಸಾಬೂನು ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ಅವನ್ನಿನ ಗೋಡೆಗೆ ಅಂಟಿದ ಕೋಳಿಯ ಕೊಬ್ಬು, ಬೆಣ್ಣೆ, ಎಣ್ಣೆ ಎಲ್ಲವೂ ಹತ್ತು ನಿಮಿಷದಲ್ಲಿ ಸಾಬೂನಾಗಿ ಕರಗಿ ಬಟ್ಟೆಗೆ ಬರುತ್ತದೆ. ಆದರೆ ಅದಕ್ಕೆ ಕೋಳಿಯ ಕೊಬ್ಬು ಯಾವುದು, ನಿಮ್ಮ ಕೈಯ ಕೊಬ್ಬು ಯಾವುದು ಎಂಬ ಭೇದ ತಿಳಿಯದು. ಮೈಯ ಚರ್ಮದಲ್ಲಿಯೂ ಕೊಬ್ಬಿದೆ, ಮಾಂಸವಿದೆ. ಕ್ಷಾರ ಬಿದ್ದ ಬೆರಳನ್ನು ಉಜ್ಜಿದಾಗ ಸಾಬೂನಿನಂತೆ ಜಾರುತ್ತದೆ ಎಂದು ಹುಡುಗರು ಹೇಳುತ್ತಾರೆ. ಸಾಬೂನಿನಂತೆ ಅಲ್ಲ, ಸಾಬೂನೇ ಅದು. ನಿಮ್ಮ ಚರ್ಮದ ಕೊಬ್ಬೇ ಸಾಬೂನಾಗುತ್ತಿದೆ.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಮೋಸ ಒಂದಿದೆ. ಆಮ್ಲ, ಅಂದರೆ ಕಕ್ಕಸು ತೊಳೆಯುವ ಆಸಿಡ್ಡು, ಬಿದ್ದರೆ ಆಗಲೇ ಉರಿಯುತ್ತದೆ. ಮನುಷ್ಯ ಕೂಗಿ ನೀರಿಗೆ ಓಡುತ್ತಾನೆ. ಅದು ಮಾಂಸವನ್ನು ಹೆಪ್ಪುಗಟ್ಟಿಸಿ ತನ್ನ ದಾರಿಗೆ ತಾನೇ ಒಂದಿಷ್ಟು ಅಡ್ಡ ಕಟ್ಟಿಕೊಳ್ಳುತ್ತದೆ. ಕ್ಷಾರ ಹಾಗಲ್ಲ. ಮಾಂಸವನ್ನು ಕರಗಿಸಿ ನೀರು ಮಾಡುತ್ತಾ ಒಳಗೆ ಒಳಗೆ ಇಳಿಯುತ್ತದೆ. ಅನೇಕ ಸಲ ಮೊದಲಲ್ಲಿ ನೋವೇ ಇರುವುದಿಲ್ಲ. ನೋವಿಲ್ಲವೆಂದು ಕೆಲಸ ಮುಗಿಸಿ, ಬಟ್ಟೆಗೆ ಕೈ ಒರೆಸಿಕೊಂಡು, ಊಟಕ್ಕೆ ಕೂತ ಮೇಲೆ ಉರಿ ಹತ್ತುತ್ತದೆ. ಅಷ್ಟರೊಳಗೆ ಅದು ಮಾಡುವುದನ್ನೆಲ್ಲ ಮಾಡಿ ಆಗಿರುತ್ತದೆ. ಆದುದರಿಂದ ಕ್ಷಾರದ ವಿಷಯದಲ್ಲಿ ನೋವನ್ನು ಕಾಯಬೇಡಿರಿ. ಒಂದು ತೊಟ್ಟು ಬಿತ್ತು ಎಂದು ತಿಳಿದ ಕ್ಷಣವೇ ನೀರಿಗೆ ಹೋಗಬೇಕು.

ನೂರರಲ್ಲಿ ಎರಡು ಪಾಲು ಕಾಸ್ಟಿಕ್ ಇದ್ದರೂ ಸಾಕು, ಯುರೋಪಿನ ನಿಯಮದಲ್ಲಿ ಅದನ್ನು ಚರ್ಮ ಸುಡುವ ವಸ್ತು ಎಂದು ಗುರುತು ಹಾಕುತ್ತಾರೆ. ಐದು ಪಾಲಾದರೆ ಅತಿ ತೀವ್ರವಾದ ವರ್ಗಕ್ಕೆ ಸೇರಿಸುತ್ತಾರೆ. "ನೀರು ಬೆರೆಸಿದ್ದೇವಲ್ಲ, ಏನೂ ಆಗುವುದಿಲ್ಲ" ಎಂದು ಸೂಪರ್‌ವೈಸರ್ ಹೇಳಿದರೆ ಈ ಲೆಕ್ಕ ನೆನಪಿರಲಿ.

ಈಗ ಕಣ್ಣಿನ ಮಾತು. ಕಣ್ಣಿಗೆ ಕ್ಷಾರ ಸಿಡಿದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪೊರೆಯನ್ನು ದಾಟಿ ಕೆಲವೇ ನಿಮಿಷಗಳಲ್ಲಿ ಕಣ್ಣಿನ ಒಳಗೇ ಇಳಿಯುತ್ತದೆ. ಆಮೇಲೆ ಆ ಪೊರೆ ಬೆಳ್ಳಗಾಗಿ ದೃಷ್ಟಿ ಹೋಗಬಹುದು. ಇದು ಹೋಟೆಲಿನವರಿಗೆ ಮಾತ್ರ ಬರುವ ಕಷ್ಟವಲ್ಲ. ಅಂಗಡಿಯಲ್ಲಿ ಸಿಗುವ ಸಣ್ಣ ಸುಣ್ಣದ ಪೊಟ್ಟಣವನ್ನು ಆಟದಲ್ಲಿ ಅಮುಕಿದ ಮಕ್ಕಳ ಕಣ್ಣಿಗೆ ಸುಣ್ಣ ಚಿಮ್ಮಿ, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಿಗೆ ಬರುತ್ತಾರೆ. ನಮ್ಮ ಎಲೆ ಅಡಿಕೆ ಚೀಲ ನೇತಾಡುವ ಗೂಟ ಮಕ್ಕಳಿಗೆ ಎಟುಕದಷ್ಟು ಮೇಲಿರಬೇಕೆಂದು ಇದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ.

ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ಇಲ್ಲಿಯೇ ನಾವು ಎಲ್ಲರೂ ತಿದ್ದಿಕೊಳ್ಳಬೇಕಾದ ಒಂದು ಅಭ್ಯಾಸವಿದೆ. ಏನಾದರೂ ಆದ ಕೂಡಲೆ ನಾವು ಜೀಪು ಹುಡುಕುತ್ತೇವೆ. ಎಸ್ಟೇಟಿನಿಂದ ಡಿಸ್ಪೆನ್ಸರಿ ದೂರ, ಡಿಸ್ಪೆನ್ಸರಿಯಿಂದ ತಾಲೂಕು ಆಸ್ಪತ್ರೆ ಇನ್ನೂ ದೂರ. ಘಾಟಿಯ ತಿರುವುಗಳಲ್ಲಿ ಒಂದು ಗಂಟೆ ಹೋಗುವುದು ದೊಡ್ಡದಲ್ಲ. ಆ ಒಂದು ಗಂಟೆಯೂ ಕ್ಷಾರ ಕಣ್ಣಿನೊಳಗೆ ಕೂತು ಕೆಲಸ ಮಾಡುತ್ತಿರುತ್ತದೆ. ದೊಡ್ಡ ಆಸ್ಪತ್ರೆಗೆ ಹೋದರೂ ಡಾಕ್ಟರು ಮೊದಲು ಮಾಡುವುದು ನೀರು ಹಾಕಿ ತೊಳೆಯುವುದನ್ನೇ. ಅದೇ ತೊಳೆಯುವಿಕೆಯನ್ನು ಒಂದು ಗಂಟೆ ಮುಂಚೆ ನೀವೇ ಮಾಡಿದರೆ ಕಣ್ಣು ಉಳಿಯಬಹುದು. ಆದುದರಿಂದ ಮೊದಲು ನೀರು, ಆಮೇಲೆ ಜೀಪು. ಒಬ್ಬರು ತೊಳೆಯುತ್ತಿರಲಿ, ಇನ್ನೊಬ್ಬರು ಜೀಪಿಗೋ 108ಕ್ಕೋ ಫೋನು ಮಾಡಲಿ.

ತೊಳೆಯುವುದೆಂದರೆ ಎರಡು ಬೊಗಸೆ ಎರಚುವುದಲ್ಲ. ಕಣ್ಣಿಗೆ ಕಡಿಮೆಯೆಂದರೆ 30 ನಿಮಿಷ ಬಿಡದೆ ನೀರು ಹರಿಸಬೇಕು. ಕುಡಿಯುವ ನೀರಿನಷ್ಟು ಚೊಕ್ಕವಾದ ಯಾವ ನೀರಾದರೂ ಸರಿ. ನಲ್ಲಿಯೋ ಚೊಂಬೋ ಹೂಜಿಯೋ, ಮೆಲ್ಲಗೆ ಒಂದೇ ಸಮನೆ ಹರಿಯಲಿ, ರಭಸವಾಗಿ ಹೊಡೆಯಬಾರದು. ಪೆಟ್ಟಾದ ಕಣ್ಣು ಕೆಳಗಾಗುವಂತೆ ತಲೆ ವಾಲಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹೋಗಬೇಕು. ಇಲ್ಲದಿದ್ದರೆ ತೊಳೆದ ನೀರು ಇನ್ನೊಂದು ಕಣ್ಣಿಗೆ ಹೋಗಿ ಎರಡೂ ಹಾಳು. ನೋವಿಗೆ ಕಣ್ಣು ತಾನಾಗಿಯೇ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಮತ್ತೊಬ್ಬರು ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿಯಲೇಬೇಕು. ಅತ್ತರೂ ಬೈದರೂ ಬಿಡಬಾರದು. ಮೇಲಿನ ರೆಪ್ಪೆಯ ಹಿಂದೆಯೂ ಕೆಳಗಿನದರ ಹಿಂದೆಯೂ ನೀರು ಹೋಗಲಿ. ಸುಣ್ಣವಾದರೆ ಅಲ್ಲಿ ಚೂರುಗಳು ಅಂಟಿ ಕೂತಿರುತ್ತವೆ, ಅವು ಹೊರಗೆ ಬರಬೇಕು. ಜೀಪು ಬಂದ ಮೇಲೆಯೂ ದಾರಿಯಲ್ಲಿ ಬಾಟಲಿಯಿಂದ ನೀರು ಹಾಕುತ್ತಲೇ ಇರಬಹುದು. ಮೊಲೆಹಾಲು, ಹರಳೆಣ್ಣೆ, ಮನೆಯಲ್ಲಿ ಉಳಿದ ಹಳೆಯ ಕಣ್ಣಿನ ತೊಟ್ಟು ಇವು ಯಾವುವೂ ಬೇಡ.

ಚರ್ಮಕ್ಕೆ ಬಿದ್ದರೂ ಇದೇ ಮದ್ದು. 20ರಿಂದ 30 ನಿಮಿಷ ಹರಿಯುವ ನೀರು. ಜಾರುವ ಗುಣ ಹೋಗದಿದ್ದರೆ ಇನ್ನೂ ಹೆಚ್ಚು. ಕಾಸ್ಟಿಕ್ ಪುಡಿಯೋ ಬಿಲ್ಲೆಯೋ ಬಿದ್ದಿದ್ದರೆ ಮೊದಲು ಒಣಬಟ್ಟೆಯಿಂದ ಕೊಡವಿ, ಆಮೇಲೆ ಧಾರಾಳ ನೀರು. ನೆನೆದ ಬಟ್ಟೆಯನ್ನು ಬಿಚ್ಚಿ ತೆಗೆಯಬೇಕು. ಈ ಮಾತನ್ನು ವಿಶೇಷವಾಗಿ ಹೆಣ್ಣುಮಕ್ಕಳಿಗೆ ಹೇಳುತ್ತೇವೆ. ಗಂಡಸರಿರುವ ಅಡಿಗೆಮನೆಯಲ್ಲಿ ಸೀರೆ ಬಿಚ್ಚುವುದು ಹೇಗೆಂದು ಸಂಕೋಚಪಟ್ಟು, ನೆನೆದ ಬಟ್ಟೆಯಲ್ಲೇ ನಿಂತರೆ ಅದು ಕ್ಷಾರದ ಪಟ್ಟಿ ಕಟ್ಟಿಕೊಂಡಂತೆ. ಜೊತೆಯ ಹೆಂಗಸರು ಸುತ್ತ ನಿಂತು ಮೇಜುಬಟ್ಟೆ ಅಡ್ಡ ಹಿಡಿಯಲಿ, ಗಂಡಸರನ್ನು ಆಚೆಗೆ ಕಳಿಸಲಿ. ಬೂಟಿನೊಳಗೆ ಇಳಿದಿದೆಯೋ ಎಂದು ನೋಡಲಿ. ಕಾಲಿನ ಗಾಯಗಳು ಬಹಳ ಸಲ ಹೀಗೇ ಆಗುವುದು.

ಕೆಲವು ಜಾಣರು ಹೇಳುತ್ತಾರೆ: ಕ್ಷಾರಕ್ಕೆ ಎದುರು ಹುಳಿಯಲ್ಲವೇ, ನಿಂಬೆಹುಳಿಯೋ ವಿನೆಗರೋ ಹಚ್ಚಿದರೆ ಸರಿಹೋಗುತ್ತದೆ ಎಂದು. ಶಾಲೆಯ ಪಾಠದಲ್ಲಿ ಅದು ಸರಿ. ಮೈಮೇಲೆ ಅದನ್ನು ಮಾಡುತ್ತಾ ಕೂತರೆ ನೀರಿಗೆ ಹೋಗುವ ಹೊತ್ತು ಕಳೆಯುತ್ತದೆ, ಎರಡೂ ಸೇರಿದಾಗ ಬಿಸಿ ಹುಟ್ಟುತ್ತದೆ, ಹುಳಿಯೂ ಗಾಯವನ್ನು ಉರಿಸುತ್ತದೆ. ಟೂತ್ ಪೇಸ್ಟು, ಕಾಫಿ ಪುಡಿ, ಅರಿಸಿನ, ತುಪ್ಪ ಇವುಗಳನ್ನು ಬಳಿದರೆ ಕ್ಷಾರ ಒಳಗೇ ಉಳಿಯುತ್ತದೆ, ಡಾಕ್ಟರಿಗೆ ಗಾಯ ಕಾಣುವುದೂ ಇಲ್ಲ.

ಇಷ್ಟು ಬಿದ್ದ ಮೇಲಿನ ಮಾತಾಯಿತು. ಬೀಳದಂತೆ ಕೆಲಸ ಮಾಡುವುದು ಹೇಗೆ ಎಂಬುದನ್ನು ಈಗ ನೋಡೋಣ.

ಕೆಲಸಕ್ಕೆ ಕೈ ಹಾಕುವ ಮೊದಲು ನಲ್ಲಿ ಎಲ್ಲಿದೆ, ಅದರಲ್ಲಿ ನೀರು ಬರುತ್ತಿದೆಯೇ ಎಂದು ತಿರುಗಿಸಿ ನೋಡಿರಿ. ರಾತ್ರಿ ಹೊತ್ತು ಟ್ಯಾಂಕು ಖಾಲಿಯಾಗುವ ಹೋಟೆಲುಗಳು ಬೆಟ್ಟದ ಊರುಗಳಲ್ಲಿ ಬಹಳ. ನೀರಿಲ್ಲದಿದ್ದರೆ ಆ ರಾತ್ರಿ ಅವನ್ ಮದ್ದು ಮುಟ್ಟಬಾರದು. ಕಡೆಪಕ್ಷ ಎರಡು ಬಕೆಟು ನೀರು ತುಂಬಿ ಪಕ್ಕದಲ್ಲಿ ಇಟ್ಟುಕೊಂಡಿರಬೇಕು.

ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್ಸ್ ಬೇಕು. ಓದುವ ಕನ್ನಡಕ ಆಗದು; ಹನಿ ಪಕ್ಕದಿಂದ ಬರುತ್ತದೆ. ಕೈಗೆ ಮೊಣಕೈವರೆಗೆ ಬರುವ ದಪ್ಪ ರಬ್ಬರಿನ ಗ್ಲೌಸು. ಸ್ಯಾಂಡ್‌ವಿಚ್ ಮಾಡುವವರು ಹಾಕುವ ತೆಳ್ಳನೆಯ ಪ್ಲಾಸ್ಟಿಕ್ ಚೀಲದಂಥ ಗ್ಲೌಸು ಇದಕ್ಕಲ್ಲ. ಚರ್ಮದ ಗ್ಲೌಸನ್ನೂ ಉಣ್ಣೆಯ ಬಟ್ಟೆಯನ್ನೂ ಕಾಸ್ಟಿಕ್ ತಿಂದುಬಿಡುತ್ತದೆ. ಗ್ಲೌಸಿನ ಬಾಯನ್ನು ಹೊರಕ್ಕೆ ಒಂದು ಮಡಿಕೆ ಮಡಚಿರಿ. ಕೈ ಮೇಲೆತ್ತಿದಾಗ ಇಳಿದು ಬರುವ ಹನಿ ಆ ಮಡಿಕೆಯಲ್ಲಿ ನಿಲ್ಲುತ್ತದೆ, ಕಂಕುಳಿಗೆ ಹರಿಯುವುದಿಲ್ಲ. ಪ್ಲಾಸ್ಟಿಕ್ ಏಪ್ರನ್ ಬೂಟಿನ ಬಾಯಿಗಿಂತ ಕೆಳಗಿಳಿದಿರಲಿ. ಪ್ಯಾಂಟನ್ನು ಗಮ್‌ಬೂಟಿನೊಳಗೆ ತುರುಕಬೇಡಿರಿ, ಹೊರಗೆ ಇಳಿಬಿಡಿರಿ. ತೋಟದಲ್ಲಿ ಜಿಗಣೆಗೆ ಹೆದರಿ ನಾವು ಮಾಡುವುದಕ್ಕೆ ಇದು ತಿರುಗುಮುರುಗು.

ಅವನ್ ಆರಿರಬೇಕು. ಎಷ್ಟು ಡಿಗ್ರಿಗೆ ಇಳಿದ ಮೇಲೆ ಹೊಡೆಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಬೇಗ ಮನೆಗೆ ಹೋಗಬೇಕೆಂದು ಸುಡುವ ಅವನ್ನಿಗೆ ಹೊಡೆದರೆ ನೀರು ಆವಿಯಾಗಿ, ಕ್ಷಾರದ ಸಣ್ಣ ಹನಿಗಳನ್ನು ಎತ್ತಿಕೊಂಡು ಮುಖಕ್ಕೆ ಬರುತ್ತದೆ. ಆ ಮಂಜು ಗಂಟಲಿಗೂ ಪುಪ್ಪುಸಕ್ಕೂ ಹೋಗುತ್ತದೆ. ಕರೆಂಟು, ಗ್ಯಾಸು, ಒಳಗಿನ ಫ್ಯಾನು ಎಲ್ಲ ನಿಲ್ಲಿಸಿ, ಹೊಗೆ ಎಳೆಯುವ ಫ್ಯಾನನ್ನು ಮಾತ್ರ ಓಡಿಸಿ, ಕಿಟಕಿ ತೆರೆದಿಡಬೇಕು. ಊಟಿಯ ಚಳಿಯಲ್ಲಿ ಕಿಟಕಿ ತೆರೆಯಲು ಯಾರಿಗೂ ಮನಸ್ಸಿಲ್ಲ, ಆದರೂ ತೆರೆಯಬೇಕು. ತಲೆಗಿಂತ ಮೇಲಿನ ಜಾಗಕ್ಕೆ, ಹೊಗೆಗೂಡಿಗೆ, ಅವನ್ನಿನ ಮೇಲ್ಛಾವಣಿಗೆ ಸ್ಪ್ರೇ ಮಾಡಬಾರದು. ಮೇಲಕ್ಕೆ ಹೊಡೆದದ್ದು ಕೆಳಕ್ಕೆ ಬರುತ್ತದೆ, ಕೆಳಗೆ ನಿಮ್ಮ ಮುಖವಿದೆ. ಅಲ್ಲಿ ಉದ್ದ ಹಿಡಿಯ ಬ್ರಷ್ಷೋ ಸ್ಪಂಜೋ ಬಳಸಬೇಕು. ಜಾಲರಿಗಳನ್ನು ಕಳಚಿ ನೆಲದ ಮೇಲೆ ಇಟ್ಟು ತಿಕ್ಕಬಹುದು.

ಅಲ್ಯುಮಿನಿಯಂ ವಿಷಯ ಒಂದು ಮಾತು. ಕಾಸ್ಟಿಕ್ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಎಂಬ ಉರಿಯುವ ಗಾಳಿ ಬರುತ್ತದೆ, ಬಿಸಿಯೂ ಏರುತ್ತದೆ. ಅಲ್ಯುಮಿನಿಯಂ ತಟ್ಟೆ, ಟ್ರೇ, ಜಾಲರಿಗಳಿಗೆ ಈ ಮದ್ದು ಬೇಡ. ಅಲ್ಯುಮಿನಿಯಂ ಪಾತ್ರೆಯಲ್ಲಿ ಅದನ್ನು ಕಲಸುವುದಂತೂ ಬೇಡವೇ ಬೇಡ. ಸತುವಿನ ಲೇಪದ ಬಕೆಟಿಗೂ ಇದೇ ಮಾತು.

ಸಣ್ಣ ಹೋಟೆಲು ಬೇಕರಿಗಳಲ್ಲಿ ಕಂಪೆನಿಯ ಡಬ್ಬಿ ದುಬಾರಿಯೆಂದು ಕಾಸ್ಟಿಕ್ ಬಿಲ್ಲೆಗಳನ್ನು ಕಿಲೊ ಲೆಕ್ಕದಲ್ಲಿ ತಂದು ತಾವೇ ಕಲಸುತ್ತಾರೆ. ನಮ್ಮ ಮನಸ್ಸಿಗೆ ಇದು ಡಬ್ಬಿಗಿಂತ ಹೆಚ್ಚು ಅಪಾಯದ್ದು, ಏಕೆಂದರೆ ಅಳತೆಯೂ ಇಲ್ಲ ಚೀಟಿಯೂ ಇಲ್ಲ. ಕಲಸಲೇಬೇಕಾಗಿ ಬಂದರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಮೊದಲು ತಣ್ಣೀರು, ಆ ನೀರಿಗೆ ಸ್ವಲ್ಪ ಸ್ವಲ್ಪವೇ ಕಾಸ್ಟಿಕ್. ಕಾಸ್ಟಿಕ್ಕಿನ ಮೇಲೆ ನೀರು ಹೊಯ್ದರೆ, ಅಥವಾ ಬಿಸಿನೀರಿಗೆ ಹಾಕಿದರೆ, ಸುಣ್ಣದ ಕಲ್ಲಿನಂತೆ ಕುದಿದು ಮುಖಕ್ಕೆ ಹಾರುತ್ತದೆ. ಅವನ್ ಮದ್ದನ್ನು ಬೇರೆ ಯಾವ ಮದ್ದಿನ ಜೊತೆಗೂ ಬೆರೆಸಬಾರದು. ಕಕ್ಕಸಿನ ಆಸಿಡ್ಡಿನ ಜೊತೆ ಸೇರಿದರೆ ಸಿಡಿಯುತ್ತದೆ. ಆ ಆಸಿಡ್ಡು ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಒಂದೇ ಮೂಲೆಯಲ್ಲಿ ಮೂರೂ ಬಾಟಲಿಗಳು ಸಾಲಾಗಿ ನಿಂತಿರುವ ಅಡಿಗೆಮನೆಗಳನ್ನು ನಾವು ನೋಡಿದ್ದೇವೆ.

ದಿನವೂ ಕೆಲಸ ಮುಗಿದ ಮೇಲೆ ಉಗುರುಬೆಚ್ಚಗಿರುವಾಗಲೇ ಸಾಬೂನು ನೀರಿನಲ್ಲಿಯೋ ವಾಷಿಂಗ್ ಸೋಡದಲ್ಲಿಯೋ ಅವನ್ ಒರೆಸಿದರೆ ಜಿಡ್ಡು ಸುಟ್ಟು ಕಲ್ಲಾಗುವುದಿಲ್ಲ. ಕಾಸ್ಟಿಕ್ ಬೇಕಾಗುವ ದಿನಗಳೇ ಕಡಿಮೆಯಾಗುತ್ತವೆ. ವಾಷಿಂಗ್ ಸೋಡವೂ ಕ್ಷಾರವೇ, ಕಣ್ಣಿಗೆ ಕೆಟ್ಟದ್ದೇ, ಆದರೆ ಕಾಸ್ಟಿಕ್ಕಿನಷ್ಟು ಕ್ರೂರವಲ್ಲ. ಬುದ್ಧಿವಂತ ಅಡಿಗೆಯವರು ಹೀಗೇ ಮಾಡುತ್ತಾರೆ.

ಗಾಗಲ್ಸೂ ಗ್ಲೌಸೂ ಯಾರು ಕೊಡಬೇಕು? ಮಾಲೀಕನೇ ಕೊಡಬೇಕು. 2020ರಲ್ಲಿ ಪಾರ್ಲಿಮೆಂಟು ಒಪ್ಪಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಸುರಕ್ಷತೆಗಾಗಿ ಕೊಡುವ ವಸ್ತುವಿಗೆ ಕೆಲಸಗಾರನಿಂದ ಹಣ ಹಿಡಿಯುವಂತಿಲ್ಲ. ಒಂದು ಹೋಟೆಲಿನಲ್ಲಿ ಗ್ಲೌಸಿನ ಬೆಲೆಯನ್ನು ನಮ್ಮ ಹುಡುಗರ ಸಂಬಳದಲ್ಲಿ ಹಿಡಿದರೆಂದು ಕೇಳಿ ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿದೆವು, ತಿರುಗಿ ಕೊಟ್ಟರು. ಒಬ್ಬನೇ ಹೋಗಿ ಕೇಳಿದ್ದರೆ ಕೆಲಸವೇ ಹೋಗುತ್ತಿತ್ತೋ ಏನೋ. ಡಬ್ಬಿಯ ಜೊತೆಗೆ ಸೇಫ್ಟಿ ಡೇಟಾ ಶೀಟ್ ಎಂಬ ಕಾಗದ ಇರುತ್ತದೆ. ಅದರಲ್ಲಿ 16 ಭಾಗಗಳು. 4ನೆಯದರಲ್ಲಿ ಪ್ರಥಮ ಚಿಕಿತ್ಸೆ, 8ನೆಯದರಲ್ಲಿ ಯಾವ ಗ್ಲೌಸು ಯಾವ ಗಾಗಲ್ಸು ಎಂದು ಬರೆದಿರುತ್ತದೆ. ಅದನ್ನು ಕೇಳಿ ಫೋಟೊ ತೆಗೆದಿಟ್ಟುಕೊಳ್ಳಿರಿ. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಹತ್ತಿರ ಓದಿಸಿಕೊಳ್ಳಿರಿ. ಓದಲೇ ಬಾರದವರಿಗೆ ಡಬ್ಬಿಯ ಮೇಲೆ ಒಂದು ಚಿತ್ರವಿರುತ್ತದೆ: ಎರಡು ಕೊಳವೆಗಳಿಂದ ಹನಿ ಬೀಳುತ್ತಿದೆ, ಒಂದರ ಕೆಳಗೆ ಲೋಹದ ಪಟ್ಟಿ, ಇನ್ನೊಂದರ ಕೆಳಗೆ ಮನುಷ್ಯನ ಕೈ, ಎರಡೂ ಕರಗುತ್ತಿವೆ. ಆ ಚಿತ್ರ ಕಂಡರೆ ಗಾಗಲ್ಸ್ ಇಲ್ಲದೆ ಮುಚ್ಚಳ ತೆಗೆಯಬೇಡಿರಿ. ಪೆಟ್ಟಾದರೆ ಎಷ್ಟೇ ಸಣ್ಣದಾಗಿರಲಿ, ಅಪಘಾತದ ಪುಸ್ತಕದಲ್ಲಿ ಬರೆಸಿರಿ. ಇಎಸ್‌ಐ ಇದ್ದವರಿಗೆ ಕೆಲಸದ ಮೇಲಾದ ಗಾಯಕ್ಕೆ ಚಿಕಿತ್ಸೆಯೂ ಭತ್ಯೆಯೂ ಉಂಟು. ಆದರೆ ಬರೆಸದ ಗಾಯ ಮನೆಯಲ್ಲಾದ ಗಾಯವೇ ಎಂದು ವಾದಿಸುವವರಿದ್ದಾರೆ.

ಕೊನೆಗೆ, ಬಾಟಲಿಯ ಮಾತು. ನಮಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಇರುವುದು ಇಲ್ಲಿಯೇ.

ಹೋಟೆಲಿನಲ್ಲಿ ಐದು ಲೀಟರಿನ ಡಬ್ಬಿ ಎತ್ತುವುದು ಕಷ್ಟವೆಂದು ಮದ್ದನ್ನು ನೀರಿನ ಬಾಟಲಿಗೆ ಸುರಿದುಕೊಳ್ಳುತ್ತಾರೆ. ಮನೆಯ ಒಲೆಗೂ ಬಾಣಲೆಗೂ ಒಳ್ಳೆಯದೆಂದು ಉಳಿದದ್ದನ್ನು ಅದೇ ಬಾಟಲಿಯಲ್ಲಿ ಲೈನಿಗೆ ತರುತ್ತಾರೆ. ಎಷ್ಟೋ ಮದ್ದುಗಳಿಗೆ ಬಣ್ಣವಿಲ್ಲ, ಗಟ್ಟಿ ವಾಸನೆಯೂ ಇಲ್ಲ, ನೀರಿನಂತೆಯೇ ಕಾಣುತ್ತದೆ. ಆಟವಾಡಿ ಬಾಯಾರಿ ಬಂದ ಮಗು ಬಾಟಲಿ ಎತ್ತಿದರೆ ಒಂದೇ ಗುಟುಕು ಸಾಕು. ಬಾಯಿಯಿಂದ ಹೊಟ್ಟೆಗೆ ಹೋಗುವ ಅನ್ನನಾಳ ಬೆಂದು ಹೋಗುತ್ತದೆ. ಬದುಕಿದರೂ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕೆಲವು ವಾರಗಳ ಮೇಲೆ ಬೆಂದ ಜಾಗ ಮಾಯುತ್ತಾ ಸುಕ್ಕಿ, ನಾಳ ಕಿರಿದಾಗುತ್ತದೆ. ಮೊದಲು ಅನ್ನ ಇಳಿಯುವುದಿಲ್ಲ, ಆಮೇಲೆ ಗಂಜಿ, ಆಮೇಲೆ ನೀರೂ ಇಲ್ಲ. ಅದನ್ನು ಮತ್ತೆ ಮತ್ತೆ ಹಿಗ್ಗಿಸಲು ವರ್ಷಗಟ್ಟಲೆ ಆಸ್ಪತ್ರೆಗೆ ಅಲೆಯಬೇಕು.

ಇದು ಬಡವರ ಮನೆಗಳಲ್ಲಿ ಹಿಂದಿನಿಂದಲೂ ನಡೆದದ್ದು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಇದೇ ಕಾಸ್ಟಿಕ್ಕನ್ನು ಲೈ ಎಂಬ ಹೆಸರಿನಲ್ಲಿ ಸಾಬೂನು ಮಾಡಲಿಕ್ಕೂ ಮೋರಿ ತೊಳೆಯಲಿಕ್ಕೂ ಮನೆಮನೆಯಲ್ಲಿ ಇಟ್ಟುಕೊಂಡಿದ್ದರು. ಡಬ್ಬಿಯ ಮೇಲೆ ವಿಷವೆಂದು ಬರೆಯಬೇಕೆಂಬ ಕಟ್ಟಳೆ ದೇಶಕ್ಕೆಲ್ಲ ಇರಲಿಲ್ಲ. ಮಕ್ಕಳು ಸಕ್ಕರೆಯೆಂದು ತಿಂದರು. ಚೆವಾಲಿಯರ್ ಜ್ಯಾಕ್ಸನ್ ಎಂಬ ಗಂಟಲಿನ ಡಾಕ್ಟರು (1865-1958) ಇಂಥ ಮಕ್ಕಳಿಗೆ ಚಿಕಿತ್ಸೆ ಮಾಡಿ ಮಾಡಿ ಬೇಸತ್ತರು. ಅವರು 1938ರಲ್ಲಿ ಪ್ರಕಟಿಸಿದ ಆತ್ಮಕತೆಯಲ್ಲಿ ಒಬ್ಬ ಹುಡುಗಿಯ ಸಂಗತಿಯಿದೆ. ಲೈ ನುಂಗಿ ಕಿರಿದಾದ ಅನ್ನನಾಳದಲ್ಲಿ ಆಹಾರ ಸಿಕ್ಕಿಕೊಂಡು, ನೀರನ್ನೂ ನುಂಗಲಾರದೆ ದಿನಗಳು ಕಳೆದಿದ್ದವು. ಡಾಕ್ಟರು ಕೊಳವೆ ಇಳಿಸಿ ಅಡ್ಡವನ್ನು ತೆಗೆದು ನೀರು ಕೊಟ್ಟಾಗ, ಹೆದರುತ್ತಾ ಒಂದು ಗುಟುಕು ಕುಡಿದ ಆ ಮಗು ಅವರ ಕೈಗೆ ಮುತ್ತಿಟ್ಟಿತು. ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. ಡಬ್ಬಿಗೆ ಚೀಟಿ ಅಂಟಿಸುವ ಕಾನೂನು ಬೇಕೆಂದು ವರ್ಷಗಟ್ಟಲೆ ಓಡಾಡಿ, 1927ರ ಮಾರ್ಚಿಯಲ್ಲಿ ಆ ಕಾನೂನು ಆಗುವ ತನಕ ನಿಲ್ಲಲಿಲ್ಲ. ಕಾನೂನು ಕೇಳಿದ್ದು ಬಹಳವೇನೂ ಅಲ್ಲ: ಡಬ್ಬಿಯ ಮೇಲೆ ವಿಷ ಎಂಬ ಮಾತು, ನುಂಗಿದರೆ ಏನು ಮಾಡಬೇಕೆಂಬ ಸೂಚನೆ. ಒಂದು ಚೀಟಿಗಾಗಿ ಅಷ್ಟು ಹೋರಾಟ ನಡೆಯಿತು. ನಾವು ಆ ಚೀಟಿಯಿರುವ ಡಬ್ಬಿಯಿಂದ ಚೀಟಿಯಿಲ್ಲದ ಬಾಟಲಿಗೆ ಸುರಿದು ಮನೆಗೆ ತರುತ್ತೇವೆ.

ಮಗು ನುಂಗಿತೆಂದು ತಿಳಿದರೆ ವಾಂತಿ ಮಾಡಿಸಬಾರದು. ಉಪ್ಪುನೀರು, ಹುಣಿಸೆನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ಕಕ್ಕಿಸುವುದು ನಮ್ಮಲ್ಲಿ ವಾಡಿಕೆ. ಈ ವಿಷಕ್ಕೆ ಅದು ಕೂಡದು. ಇಳಿಯುವಾಗ ಒಮ್ಮೆ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ, ತುಟಿ ಮುಖ ತೊಳೆದು, ಕೂರಿಸಿಕೊಂಡೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಡಾಕ್ಟರನ್ನು ಕೇಳದೆ ತಿನ್ನಲು ಕುಡಿಯಲು ಏನೂ ಕೊಡಬೇಡಿರಿ. ಇಲ್ಲಿ ಮಾತ್ರ ನೀರಿಗೆ ಹೊತ್ತು ಕಳೆಯದೆ ಜೀಪನ್ನೇ ಮುಂದೆ ಮಾಡಬೇಕು. ಬಾಟಲಿಯನ್ನೂ, ಸಿಕ್ಕಿದರೆ ಮೂಲ ಡಬ್ಬಿಯ ಫೋಟೊವನ್ನೂ ಕೈಯಲ್ಲಿ ಹಿಡಿದು ಹೋಗಿರಿ. ಬಾಯಲ್ಲಿ ಹುಣ್ಣು ಕಾಣದಿದ್ದರೂ ಒಳಗೆ ಬೆಂದಿರಬಹುದು; "ಮಗು ಆಡುತ್ತಿದೆ, ನಾಳೆ ನೋಡೋಣ" ಎನ್ನಬೇಡಿರಿ.

ಕೂಟದ ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಬೇಕರಿಯಲ್ಲಿ ಕೆಲಸ ಮಾಡುವ ತಮ್ಮನೊಬ್ಬನು, ತೊಳೆದ ಅವನ್ನಿನಲ್ಲಿ ಮಾಡಿದ ಬನ್ನು ತಿಂದರೆ ಮದ್ದು ಹೊಟ್ಟೆಗೆ ಹೋಗುವುದಿಲ್ಲವೇ ಎಂದನು. ಸರಿಯಾಗಿ ತೊಳೆಯದಿದ್ದರೆ ಹೋಗುತ್ತದೆ. ಒರೆಸಿದ ಮೇಲೆ ಶುದ್ಧ ನೀರಿನಲ್ಲಿ ಬಟ್ಟೆ ಬದಲಿಸಿ ಬದಲಿಸಿ ಮೂಲೆ ಮೂಲೆಯನ್ನೂ ಒರೆಸಬೇಕು. ಒದ್ದೆಯಿರುವಾಗ ಗ್ಲೌಸಿನ ಬೆರಳಿನಿಂದ ಉಜ್ಜಿ ನೋಡಿದಾಗ ಜಾರಿದರೆ ಇನ್ನೂ ಮದ್ದಿದೆಯೆಂದು ತಿಳಿಯಿರಿ. ಆಮೇಲೆ ಖಾಲಿ ಅವನ್ನನ್ನು ಸ್ವಲ್ಪ ಹೊತ್ತು ಉರಿಸಿ, ಅನಂತರವೇ ಹಿಟ್ಟು ಇಡಬೇಕು.

ಒಬ್ಬ ಅಕ್ಕ, ಲೈನಿನಲ್ಲಿ ನಲ್ಲಿ ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುತ್ತದೆ, 30 ನಿಮಿಷ ನೀರು ಹಾಕು ಎಂದರೆ ಎಲ್ಲಿಂದ ತರಲಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಮುಚ್ಚಳವಿರುವ ಒಂದು ಡ್ರಮ್ಮನ್ನು ಸಾಲಿಗೊಂದರಂತೆ ತುಂಬಿಸಿಡೋಣ ಎಂದು ಅಲ್ಲೇ ಮಾತಾಯಿತು. ಚೊಂಬಿನಿಂದ ಮೆಲ್ಲಗೆ ಹೊಯ್ದರೆ ಎರಡು ಮೂರು ಕೊಡ ನೀರಿನಲ್ಲಿಯೂ ಬಹಳ ಹೊತ್ತು ತೊಳೆಯಬಹುದು. ಡ್ರಮ್ಮಿಗಾಗಿ ಎಸ್ಟೇಟ್ ಆಫೀಸಿಗೆ ಅರ್ಜಿ ಬರೆದಿದ್ದೇವೆ. ಇನ್ನೂ ಸಹಿ ಹಾಕದವರು ಹಾಕಿರಿ.

ಇನ್ನೊಬ್ಬ ತಾಯಿ ತಗ್ಗಿದ ದನಿಯಲ್ಲಿ, ಮನೆಯಲ್ಲಿ ಅಂಥ ಬಾಟಲಿ ಈಗಲೇ ಇದೆ, ಏನು ಮಾಡಲಿ ಎಂದರು. ತೋಡಿಗೆ ಸುರಿಯಬೇಡಿರಿ, ಕೆಳಗಿನ ಪಾಡಿಯವರು ಆ ನೀರಿನಲ್ಲೇ ಮುಖ ತೊಳೆಯುತ್ತಾರೆ. ಬೇರೆ ಬಾಟಲಿಗೆ ಬದಲಿಸಲೂ ಬೇಡಿರಿ. ಮುಚ್ಚಳ ಬಿಗಿದು, ಮೇಲೆ ದೊಡ್ಡ ಅಕ್ಷರದಲ್ಲಿ ವಿಷ ಎಂದು ಬರೆದು, ಈ ರಾತ್ರಿ ಬೀಗವಿರುವ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿಡಿರಿ. ನಾಳೆ ಮಗ ಕೆಲಸಕ್ಕೆ ಹೋಗುವಾಗ ತಿರುಗಿ ಹೋಟೆಲಿಗೇ ಒಯ್ಯಲಿ.